‘ಇದು ನಿಮ್ಮ ಹಳೇ ಕಾಯಿಲೆ’ ಎಂದು ಕೂರಿಸಿದಾಗ

ಈ ಸಲ ಬಂದ ಪತ್ರಗಳಲ್ಲಿ ಕಾಯಿಲೆಗಳು ಬೇರೆ ಬೇರೆ, ಸಂಕಟ ಮಾತ್ರ ಒಂದೇ. ವರ್ಷಗಟ್ಟಲೆ ಮಾತ್ರೆ ನುಂಗುತ್ತಿರುವವರಿಗೆ ಒಂದು ದಿನ ದಿಢೀರನೆ ಮೈ ಕೆಡುತ್ತದೆ, ಬೇಗ ನೋಡುವವರು ಸಿಗುವುದಿಲ್ಲ. ಆದ್ದರಿಂದ ಐದು ಪತ್ರಗಳಿಗೆ ಒಟ್ಟಿಗೇ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನನಗೆ 44 ವರ್ಷ. 11 ವರ್ಷದಿಂದ ರುಮಟಾಯ್ಡ್ ಸಂಧಿವಾತ. ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್, ದಿನಾ ಒಂದು ಸ್ಟೀರಾಯ್ಡ್ ಮಾತ್ರೆ. ಕಳೆದ ತಿಂಗಳು ಚಳಿಜ್ವರ ಬಂದು ಬಲ ಮಂಡಿ ಬಾತುಕೊಂಡಿತು. ನನ್ನ ಡಾಕ್ಟರ ಅಪಾಯಿಂಟ್‌ಮೆಂಟ್ ಇದ್ದದ್ದು ಮೂರು ವಾರದ ನಂತರ. ಹತ್ತಿರದ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ ನಾಲ್ಕು ಗಂಟೆ ಕೂತೆ. ಕೊನೆಗೆ ‘ಇದು ನಿಮ್ಮ ಹಳೇ ಕಾಯಿಲೆ, ನಿಮ್ಮ ಡಾಕ್ಟರಿಗೇ ತೋರಿಸಿ’ ಅಂತ ನೋವಿನ ಮಾತ್ರೆ ಕೊಟ್ಟು ಕಳಿಸಿದರು. ಎರಡು ದಿನ ಬಿಟ್ಟು ಅಡ್ಮಿಟ್ ಆಗಬೇಕಾಯಿತು. ನಮ್ಮಂಥವರು ಏನು ಹೇಳಿದರೆ ಕೇಳಿಸಿಕೊಳ್ಳುತ್ತಾರೆ?
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ನಿಮ್ಮ ಪತ್ರ ಓದಿ ನನಗೆ ನನ್ನದೇ ಒಂದು ತಪ್ಪು ನೆನಪಾಯಿತು. ಕಲಿಯುತ್ತಿದ್ದ ದಿನಗಳಲ್ಲಿ ನಿಮ್ಮದೇ ಕಾಯಿಲೆಯ ಒಬ್ಬ ತಾಯಿ ಮಂಡಿ ಹಿಡಿದುಕೊಂಡು ಬಂದಿದ್ದರು. ‘ಸಂಧಿವಾತ ಮತ್ತೆ ಕೆರಳಿದೆ’ ಎಂದು ಬರೆದು ಬೆಂಚಿನ ಮೇಲೆ ಕೂರಿಸಿದೆ. ಸಂಜೆ ರೌಂಡ್ಸಿಗೆ ಬಂದ ಹಿರಿಯ ವೈದ್ಯರು ಆ ಮಂಡಿಯ ಮೇಲೆ ಅಂಗೈ ಇಟ್ಟರು, ಇನ್ನೊಂದು ಮಂಡಿಯನ್ನೂ ಮುಟ್ಟಿ ನೋಡಿದರು. ಒಂದು ಕಾದ ಹೆಂಚಿನಂತಿತ್ತು, ಇನ್ನೊಂದು ತಣ್ಣಗಿತ್ತು. ಸೂಜಿ ಹಾಕಿ ಎಳೆದಾಗ ಸಿರಿಂಜಿಗೆ ಬಂದದ್ದು ಕೀವು. ಹಳೇ ಕಾಯಿಲೆಯ ಮರೆಯಲ್ಲಿ ಹೊಸದೊಂದು ಕೂತಿತ್ತು, ನಾನು ಕಂಡದ್ದು ಹಳೆಯದನ್ನು ಮಾತ್ರ.

ದೀರ್ಘಕಾಲದ ಕಾಯಿಲೆಯವರಿಗೆ ತಡವಾಗುವುದರ ದೊಡ್ಡ ಕಾರಣವೇ ಇದು. ಆದ್ದರಿಂದ ಕೌಂಟರಿನಲ್ಲಿ ನಿಮ್ಮ ಮೊದಲ ಮಾತು ‘11 ವರ್ಷದಿಂದ ಸಂಧಿವಾತ’ ಎಂದಾಗಬಾರದು. ಇವತ್ತಿನದನ್ನು ಮೊದಲು ಹೇಳಿ: ‘ನಿನ್ನೆ ಸಂಜೆಯಿಂದ 102 ಡಿಗ್ರಿ ಜ್ವರ, ನಡುಕ. ಒಂದೇ ಮಂಡಿ ಬಾತು ಬಿಸಿಯಾಗಿದೆ. ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತಗೊಳ್ತಿದ್ದೀನಿ. ಹೀಗೆ ಹಿಂದೆ ಆಗಿರಲಿಲ್ಲ.’ ಈ ನಾಲ್ಕು ವಾಕ್ಯ ಕೇಳಿದ ನರ್ಸ್ ಅಥವಾ ವೈದ್ಯರು ನಿಮ್ಮನ್ನು ಹೊರರೋಗಿಗಳ ಸಾಲಿನಿಂದ ಎಬ್ಬಿಸಿ ಕ್ಯಾಶುವಾಲ್ಟಿಗೆ ಕಳಿಸಬೇಕು. ಕಳಿಸದಿದ್ದರೆ ನೀವೇ ಅಲ್ಲಿಗೆ ಹೋಗಿ, ಜೊತೆಗೆ ಬಂದವರು ಚೀಟಿ ಮಾಡಿಸಲಿ. ಕೂತಲ್ಲೇ ಮೈ ಇನ್ನಷ್ಟು ಕೆಟ್ಟರೆ ಸರದಿ ನೋಡದೆ ಎದ್ದು ಹೇಳಿ. ಉಸಿರಾಟ ನಿಮಿಷಕ್ಕೆ 22 ಮುಟ್ಟುವುದು, ಬಿಪಿಯ ಮೇಲಿನ ಸಂಖ್ಯೆ 100ಕ್ಕೆ ಇಳಿಯುವುದು, ಮಾತು ತಡವರಿಸುವುದು ಸೋಂಕು ಮೈಯೆಲ್ಲ ಹರಡುತ್ತಿರಬಹುದು ಎನ್ನುವ ಸೂಚನೆಗಳು.

ನಿಮ್ಮ ಮಾತ್ರೆಗಳ ಬಗ್ಗೆ ಎರಡು ವಿಷಯ ಗಟ್ಟಿಯಾಗಿ ನೆನಪಿಡಿ, ಏಕೆಂದರೆ ಎರಡೂ ಒಂದಕ್ಕೊಂದು ತದ್ವಿರುದ್ಧ. ಜ್ವರ, ಸೋಂಕು ಇರುವಾಗ ಸಾಮಾನ್ಯವಾಗಿ ಮೆಥೋಟ್ರೆಕ್ಸೇಟನ್ನು ವೈದ್ಯರು ತಡೆಹಿಡಿಯುತ್ತಾರೆ, ಫೋನಿನಲ್ಲಾದರೂ ಕೇಳಿಕೊಳ್ಳಿ. ಸ್ಟೀರಾಯ್ಡನ್ನು ಮಾತ್ರ ನೀವಾಗಿ ನಿಲ್ಲಿಸಲೇಬಾರದು. ತಿಂಗಳುಗಟ್ಟಲೆ ಹೊರಗಿನಿಂದ ಸ್ಟೀರಾಯ್ಡ್ ಸಿಕ್ಕಾಗ ಮೂತ್ರಪಿಂಡದ ಮೇಲಿರುವ ಗ್ರಂಥಿಗಳು ತಮ್ಮ ಕೆಲಸ ಕಡಿಮೆ ಮಾಡಿಬಿಡುತ್ತವೆ. ಒಮ್ಮೆಲೇ ನಿಲ್ಲಿಸಿದರೆ ಬಿಪಿ ಕುಸಿದು ಜೀವಕ್ಕೇ ಅಪಾಯ. ಜ್ವರದ ದಿನಗಳಲ್ಲಿ ಪ್ರಮಾಣ ಹೆಚ್ಚಿಸಬೇಕಾಗಬಹುದು, ವಾಂತಿಯಿಂದ ಮಾತ್ರೆ ನಿಲ್ಲದಿದ್ದರೆ ಇಂಜೆಕ್ಷನ್ನೇ ಬೇಕು. ಇನ್ನೊಂದು ಮಾತು: ಮೆಥೋಟ್ರೆಕ್ಸೇಟ್ ತಗೊಳ್ಳುವವರಿಗೆ ಕೋ-ಟ್ರೈಮೊಕ್ಸಜೋಲ್ ಎಂಬ ಆಂಟಿಬಯಾಟಿಕ್ ಕೊಟ್ಟರೆ ರಕ್ತಕಣಗಳು ಅಪಾಯಕಾರಿಯಾಗಿ ಕುಸಿಯಬಹುದು. ಬಾಯಲ್ಲಿ ಹುಣ್ಣೆದ್ದರೆ ರಕ್ತಪರೀಕ್ಷೆ ಮಾಡಿಸದೆ ಮುಂದಿನ ವಾರದ ಮಾತ್ರೆ ನುಂಗಬೇಡಿ.

ಪ್ರಶ್ನೆ: ನನಗೆ 58, ಸಕ್ಕರೆ ಕಾಯಿಲೆಗೆ 15 ವರ್ಷ. ಒಂದು ರಾತ್ರಿ ಊಟವಾದ ಮೇಲೆ ಹೊಟ್ಟೆ ಉಬ್ಬರಿಸಿ, ಬೆವರು ಬಂದು, ಸುಸ್ತಾಯಿತು. ಎದೆನೋವು ಇರಲಿಲ್ಲ. ಗ್ಯಾಸ್ಟ್ರಿಕ್ ಅಂದುಕೊಂಡು ಮಾತ್ರೆ ನುಂಗಿ ಮಲಗಿದೆ. ಬೆಳಗ್ಗೆ ಇಸಿಜಿ ಮಾಡಿ ಹಾರ್ಟ್ ಅಟ್ಯಾಕ್ ಆಗಿದೆ ಅಂದರು. ನೋವೇ ಇಲ್ಲದೆ ಹೇಗೆ?
– ದಾವಣಗೆರೆ

ಉತ್ತರ: ಬಹುಕಾಲದ ಸಕ್ಕರೆ ಕಾಯಿಲೆ ಪಾದದ ನರಗಳನ್ನು ಜೋಮು ಹಿಡಿಸುವಂತೆ ಹೃದಯದ ನೋವನ್ನು ಒಯ್ಯುವ ನರಗಳನ್ನೂ ಮಂಕಾಗಿಸುತ್ತದೆ. ಎದೆಯಲ್ಲಿ ಏಳಬೇಕಾದ ನೋವು ಏಳುವುದೇ ಇಲ್ಲ. ಅದರ ಬದಲು ಬೆವರು, ಉಬ್ಬಸ, ಹೊಟ್ಟೆ ತೊಳಸುವುದು, ಕಾರಣವಿಲ್ಲದ ಸುಸ್ತು ಕಾಣಿಸಿಕೊಳ್ಳುತ್ತವೆ. ನಮ್ಮಲ್ಲಿ ಇವಕ್ಕೆಲ್ಲ ಗ್ಯಾಸ್ಟ್ರಿಕ್ ಎಂಬ ಒಂದೇ ಹೆಸರು ಇರುವುದರಿಂದ ರಾತ್ರಿಗಳು ಹಾಗೇ ಕಳೆದುಹೋಗುತ್ತವೆ.

ಇನ್ನು ಮುಂದೆ ಹೀಗೆ ಮಾಡಿ. ಬೆವರು ಬಂದ ಕೂಡಲೇ ಬೆರಳು ಚುಚ್ಚಿ ಸಕ್ಕರೆ ನೋಡಿಕೊಳ್ಳಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಸಕ್ಕರೆ ಇಳಿದಿಲ್ಲ, ಆದರೂ ಬೆವರುತ್ತಿದ್ದೀರಿ ಎಂದರೆ ಬೆಳಗಾಗುವುದನ್ನು ಕಾಯಬೇಡಿ. 108ಕ್ಕೆ ಕರೆ ಮಾಡಿ. ಗಾಡಿ ನೀವೇ ಓಡಿಸಬೇಡಿ. ಆಸ್ಪತ್ರೆಯಲ್ಲಿ ‘ಸಕ್ಕರೆ ಕಾಯಿಲೆ ಇದೆ, ಬೆವರುತ್ತಿದ್ದೇನೆ, ಮೊದಲು ಇಸಿಜಿ ಮಾಡಿ’ ಎಂದು ಬಾಯಿಬಿಟ್ಟು ಕೇಳಿ. ಬಂದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕೆಂಬುದು ವೈದ್ಯಲೋಕ ಒಪ್ಪಿದ ನಿಯಮ. ಮೊದಲ ಇಸಿಜಿ, ಮೊದಲ ರಕ್ತಪರೀಕ್ಷೆ ಸರಿಯಿದ್ದರೂ ಕೆಲವು ಗಂಟೆ ಬಿಟ್ಟು ಮತ್ತೊಮ್ಮೆ ಮಾಡಿಸಬೇಕಾಗುತ್ತದೆ, ಅಲ್ಲಿಯವರೆಗೆ ಮನೆಗೆ ಹೊರಡಬೇಡಿ.

ನಮ್ಮ ರಾಜ್ಯದ ‘ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ಮಾಡಿ, ದೂರದ ತಜ್ಞರಿಗೆ ತೋರಿಸಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಬಂದಿದೆ. ನಿಮಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಇದು ಸಿಗುತ್ತದೆ ಎಂದು ಆರಾಮಾಗಿರುವ ದಿನವೇ ವಿಚಾರಿಸಿಟ್ಟುಕೊಳ್ಳಿ.

ಪ್ರಶ್ನೆ: ಅಪ್ಪನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಮೆಷಿನ್ ಕೆಟ್ಟಿದೆ ಅಂತ ಒಂದು ಸರದಿ ತಪ್ಪಿತು. ಮೂರನೇ ದಿನ ಕಾಲು ಎತ್ತಿಡಲಾಗದಷ್ಟು ನಿಶ್ಶಕ್ತಿ, ಮಲಗಿದರೆ ಉಬ್ಬಸ. ಡಯಾಲಿಸಿಸ್ ಕೇಂದ್ರದವರು ‘ನಿಮ್ಮ ಸರದಿಗೇ ಬನ್ನಿ’ ಅಂದರು. ಇನ್ನೊಂದು ಆಸ್ಪತ್ರೆಯಲ್ಲಿ ಮೊದಲು ಮುಂಗಡ ಕಟ್ಟಿ ಅಂದರು. ಏನು ಮಾಡಬೇಕಿತ್ತು?
– ಮಗಳು, ಬಳ್ಳಾರಿ

ಉತ್ತರ: ಸರದಿ ತಪ್ಪಿದವರಿಗೆ ನಿಶ್ಶಕ್ತಿ ಬಂದರೆ ಅದು ಮುಂದಿನ ಸರದಿಯವರೆಗೆ ಕಾಯುವ ವಿಷಯವೇ ಅಲ್ಲ, ಕ್ಯಾಶುವಾಲ್ಟಿಯ ವಿಷಯ. ಮೂತ್ರಪಿಂಡ ಹೊರಹಾಕದ ಪೊಟ್ಯಾಸಿಯಂ ರಕ್ತದಲ್ಲಿ ಏರುತ್ತದೆ. ಅದು 3.5ರಿಂದ 5ರ ನಡುವೆ ಇರಬೇಕು. 6.5 ದಾಟಿದರೆ ಹೃದಯದ ಬಡಿತ ಲಯ ತಪ್ಪಿ ನಿಂತೇಹೋಗಬಹುದು. ಅದಕ್ಕೂ ಮುಂಚೆ ಕಾಣುವುದು ಇಂಥ ನಿಶ್ಶಕ್ತಿಯೇ. ಉಬ್ಬಸ ಬಂದದ್ದು ಶ್ವಾಸಕೋಶದಲ್ಲಿ ನೀರು ತುಂಬಿದ್ದರಿಂದ ಇರಬಹುದು. ಡಯಾಲಿಸಿಸ್ ಯಂತ್ರ ಇಲ್ಲದ ಆಸ್ಪತ್ರೆಯಲ್ಲೂ ಇಸಿಜಿ ತೆಗೆದು ಕ್ಯಾಲ್ಸಿಯಂ ಗ್ಲುಕೋನೇಟ್, ಗ್ಲೂಕೋಸ್ ಜೊತೆ ಇನ್ಸುಲಿನ್ ಕೊಟ್ಟು ಕೆಲವು ಗಂಟೆಗಳ ಕಾಲಾವಕಾಶ ಗಳಿಸಿಕೊಡಬಹುದು. ಆದ್ದರಿಂದ ಮೊದಲು ಹತ್ತಿರದ ಆಸ್ಪತ್ರೆ, ಆಮೇಲೆ ಯಂತ್ರ ಇರುವ ಆಸ್ಪತ್ರೆ.

‘ಇವರು ಡಯಾಲಿಸಿಸ್ ರೋಗಿ, ಇಂಥ ದಿನ ಕೊನೆಯದಾಗಿ ಆಗಿದೆ, ಒಂದು ಸರದಿ ತಪ್ಪಿದೆ, ಪೊಟ್ಯಾಸಿಯಂ ನೋಡಿ’ ಎಂದು ಹೇಳಿ. ಫಿಸ್ಟುಲಾ (ಡಯಾಲಿಸಿಸ್‌ಗೆಂದು ರಕ್ತನಾಳ ಜೋಡಿಸಿದ ಜಾಗ) ಇರುವ ಕೈಗೆ ಬಿಪಿ ಪಟ್ಟಿ, ಸೂಜಿ ಹಾಕಗೊಡಬೇಡಿ. ಸರದಿ ತಪ್ಪಿದ ದಿನದಿಂದಲೇ ಎಳನೀರು, ಬಾಳೆಹಣ್ಣು, ಹಣ್ಣಿನ ರಸ ಪೂರ್ತಿ ಬಂದ್. ಸುಸ್ತಾಗಿದೆಯೆಂದು ಪ್ರೀತಿಯಿಂದ ಕುಡಿಸುವ ಎಳನೀರೇ ಇವರಿಗೆ ವಿಷವಾಗುತ್ತದೆ.

ಹಣದ ವಿಷಯ. ಜೀವ ಉಳಿಸುವುದು ಮೊದಲು, ಉಳಿದ ವಿಧಿವಿಧಾನ ಆಮೇಲೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿದೆ, ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲದೆ. ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯ 2017ರ ತಿದ್ದುಪಡಿಯೂ ತುರ್ತು ಸ್ಥಿತಿಯಲ್ಲಿ ಮುಂಗಡಕ್ಕಾಗಿ ಚಿಕಿತ್ಸೆ ತಡೆಯಬಾರದು ಎನ್ನುತ್ತದೆ. ಬಿಪಿಎಲ್ ಕಾರ್ಡ್ ಇದ್ದರೆ ‘ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ’ದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು, ಯೋಜನೆ ಗುರುತಿಸಿದ ತುರ್ತು ಚಿಕಿತ್ಸೆಗಳಿಗೆ ಬೇಡ. ನೋಂದಾಯಿತ ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕ್ಕೆಂದೇ ಇರುವ ಆರೋಗ್ಯಮಿತ್ರರನ್ನು ಹುಡುಕಿ ಮಾತಾಡಿ. ಇದು ಜಗಳಕ್ಕೆ ಕೊಡುತ್ತಿರುವ ಆಯುಧವಲ್ಲ. ಅಂಥ ಗಳಿಗೆಯಲ್ಲಿ ನಿಮ್ಮ ದನಿ ನಡುಗದಿರಲಿ ಎಂದು ಹೇಳುತ್ತಿದ್ದೇನೆ.

ಪ್ರಶ್ನೆ: ನಾನು ಆಶ್ರಮ ಶಾಲೆಯ ನಿಲಯಪಾಲಕ. ನಮ್ಮ 15 ವರ್ಷದ ಹುಡುಗನಿಗೆ ಸಿಕಲ್ ಸೆಲ್ ಕಾಯಿಲೆ. ಕಾಲು, ಬೆನ್ನು ನೋವೆಂದು ಒದ್ದಾಡುತ್ತಾನೆ. ಆಸ್ಪತ್ರೆಗೆ ಕರೆದೊಯ್ದರೆ ‘ಪದೇ ಪದೇ ಇಂಜೆಕ್ಷನ್ ಕೇಳ್ತಾನೆ, ನಾಟಕ’ ಎನ್ನುತ್ತಾರೆ. ನಿಜಕ್ಕೂ ಅಷ್ಟು ನೋವಿರುತ್ತದೆಯೇ?
– ಎಚ್.ಡಿ. ಕೋಟೆ ತಾಲ್ಲೂಕು

ಉತ್ತರ: ಇರುತ್ತದೆ. ಕುಡುಗೋಲಿನಂತೆ ಬಾಗಿದ ಕೆಂಪು ರಕ್ತಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು, ಮೂಳೆಯೊಳಗೆ ರಕ್ತ ಹರಿಯದೆ ಏಳುವ ನೋವು ಅದು. ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ, ರಕ್ತಪರೀಕ್ಷೆಯಲ್ಲೂ ಅಳೆಯಲಾಗುವುದಿಲ್ಲ. ಹುಟ್ಟಿನಿಂದ ನೋವುಂಡ ಮಕ್ಕಳು ಅಳುವುದನ್ನೂ ಬಿಟ್ಟಿರುತ್ತಾರೆ, ಮೊಬೈಲ್ ನೋಡುತ್ತ ಸುಮ್ಮನೆ ಮಲಗಿರುತ್ತಾರೆ. ಆ ಮೌನವನ್ನು ನಂಬಿ ನೋವಿಲ್ಲವೆಂದುಕೊಳ್ಳಬಾರದು. ಆಸ್ಪತ್ರೆಗೆ ಬಂದ ಒಂದು ಗಂಟೆಯೊಳಗೆ ಮೊದಲ ನೋವುನಿವಾರಕ ಸಿಗಬೇಕೆಂದು ತಜ್ಞರ ಮಾರ್ಗಸೂಚಿ ಹೇಳುತ್ತದೆ.

ಜೇನುಕುರುಬ, ಸೋಲಿಗ, ಯರವ ಸಮುದಾಯಗಳಲ್ಲಿ ಈ ಕಾಯಿಲೆ ಇರುವುದು ಹೊಸ ಸುದ್ದಿಯಲ್ಲ. 2023ರ ಜುಲೈ 1ರಂದು ಸಿಕಲ್ ಸೆಲ್ ನಿರ್ಮೂಲನೆಯ ರಾಷ್ಟ್ರೀಯ ಕಾರ್ಯಕ್ರಮವೇ ಆರಂಭವಾಗಿದೆ. ಹುಡುಗನ ಪರೀಕ್ಷಾ ವರದಿಯನ್ನು ಪ್ಲಾಸ್ಟಿಕ್ ಹೊದಿಸಿ ಇಟ್ಟುಕೊಳ್ಳಿ, ಹಿಂದಿನ ಸಲ ಯಾವ ಔಷಧ ಎಷ್ಟು ಕೊಟ್ಟಾಗ ನೋವಿಳಿಯಿತು ಎಂಬುದನ್ನು ವೈದ್ಯರಿಂದಲೇ ಬರೆಸಿಕೊಳ್ಳಿ. ಆ ಬರಹ ಇದ್ದರೆ ಹುಡುಗ ‘ಇಂಜೆಕ್ಷನ್ ಕೇಳುವವ’ ಆಗುವುದಿಲ್ಲ. ಹಾಸ್ಟೆಲಿನಲ್ಲಿ ನೀರು ಚೆನ್ನಾಗಿ ಕುಡಿಸಿ, ಬೆಚ್ಚಗಿಡಿ, ಮಂಜುಗಡ್ಡೆ ಇಡಲೇಬೇಡಿ. 101 ಡಿಗ್ರಿ ಜ್ವರ, ಎದೆನೋವು, ಉಬ್ಬಸ, ಒಂದು ಪಕ್ಕದ ಕೈಕಾಲು ಸೋಲುವುದು, ದಿಢೀರನೆ ಬಿಳಿಚಿಕೊಂಡು ಹೊಟ್ಟೆ ಉಬ್ಬುವುದು – ಇವುಗಳಲ್ಲಿ ಯಾವುದು ಬಂದರೂ ತಕ್ಷಣ ಹೊರಡಿ. ಜನನಾಂಗ ನೆಟ್ಟಗಾಗಿ ಗಂಟೆಗಟ್ಟಲೆ ನೋಯುವುದೂ ಈ ಕಾಯಿಲೆಯಲ್ಲಿ ಉಂಟು. ನಾಚಿಕೆಯಿಂದ ಹುಡುಗರು ಮುಚ್ಚಿಡುತ್ತಾರೆ. ನಾಲ್ಕು ಗಂಟೆ ಮೀರಿದರೆ ಶಾಶ್ವತ ಹಾನಿಯಾಗಬಹುದು. ಅದನ್ನು ಅವನಿಗೆ ಮುಂಚೆಯೇ, ಒಬ್ಬನೇ ಇದ್ದಾಗ, ಮೆಲ್ಲಗೆ ತಿಳಿಸಿ ಹೇಳಿ.

ಪ್ರಶ್ನೆ: ಅಸ್ತಮಾ, ಬಿಪಿ ಇರುವ ನಾನು ಒಬ್ಬಳೇ ಇರುತ್ತೇನೆ. ಎರಡು ಸಲ ಹೆದರಿ ರಾತ್ರಿ ಆಸ್ಪತ್ರೆಗೆ ಹೋದಾಗ ‘ಏನೂ ಇಲ್ಲ’ ಅಂತ ಕಳಿಸಿದರು. ಈಗ ಹೋಗಲು ಸಂಕೋಚ.
– 67 ವರ್ಷ, ಶಿವಮೊಗ್ಗ

ಉತ್ತರ: ಅಮ್ಮಾ, ಆ ಎರಡು ರಾತ್ರಿ ನೀವು ಹೋದದ್ದು ಸರಿಯಾಗಿಯೇ ಇತ್ತು. ಏನೂ ಇಲ್ಲ ಎಂಬುದು ಪರೀಕ್ಷೆ ಮಾಡಿದ ಮೇಲೆ ಮಾತ್ರ ಗೊತ್ತಾಗುವ ಸಂಗತಿ. ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಹೇಳಲಾಗದಿದ್ದರೆ, ಇನ್ಹೇಲರ್ ತೆಗೆದುಕೊಂಡರೂ ಉಬ್ಬಸ ತಗ್ಗದಿದ್ದರೆ ಸಂಕೋಚ ಬಿಟ್ಟು 108ಕ್ಕೆ ಕರೆ ಮಾಡಿ.

ಇನ್ನೊಂದು ಕೆಲಸ ಇವತ್ತೇ ಮಾಡಿ. ಹಿಂದೊಮ್ಮೆ ಒಬ್ಬ ಅಜ್ಜಿಯನ್ನು ಮಾತು ನಿಂತ ಸ್ಥಿತಿಯಲ್ಲಿ ಕರೆತಂದರು. ಜೊತೆಗೆ ಸೀರೆ ಅಂಗಡಿಯ ಚೀಲ, ಅದರ ತುಂಬ ಒಂಬತ್ತು ವರ್ಷದ ವರದಿಗಳು. ಹಳೇ ಇಸಿಜಿ ಕಾಗದಗಳ ಗೆರೆ ಅಳಿಸಿ ಬರೀ ಗುಲಾಬಿ ಚೌಕಗಳು ಉಳಿದಿದ್ದವು. ಅವುಗಳ ನಡುವೆ ಮಡಿಸಿಟ್ಟ ಕ್ಯಾಲೆಂಡರ್ ಹಾಳೆಯೊಂದರ ಹಿಂದೆ ಮೊಮ್ಮಗಳ ದುಂಡು ಅಕ್ಷರ: ಅಜ್ಜಿಯ ಕಾಯಿಲೆಗಳು, ಮಾತ್ರೆಗಳು, ಯಾವ ಔಷಧ ಆಗಿಬರುವುದಿಲ್ಲ, ಯಾರಿಗೆ ಫೋನ್ ಮಾಡಬೇಕು. ಆ ರಾತ್ರಿ ಚೀಲವನ್ನು ಪಕ್ಕಕ್ಕಿಟ್ಟು ಆ ಹಾಳೆ ಹಿಡಿದೇ ಚಿಕಿತ್ಸೆ ಶುರು ಮಾಡಿದೆವು.

ನೀವೂ ಅಂಥ ಒಂದು ಹಾಳೆ ಬರೆದು ತಾರೀಖು ಹಾಕಿ. ಒಂದು ಪ್ರತಿ ಪರ್ಸಿನಲ್ಲಿ, ಒಂದು ಬಾಗಿಲ ಹಿಂದೆ, ಇನ್ನೊಂದು ಪಕ್ಕದ ಮನೆಯವರ ಕೈಯಲ್ಲಿ ಇರಲಿ. ಮಾತ್ರೆ ಬದಲಾದಾಗಲೆಲ್ಲ ಹೊಸದಾಗಿ ಬರೆಯಿರಿ.