ಬಲಗಡೆಗೊಬ್ಬ, ಎಡಗಡೆಗೊಬ್ಬ

ಪ್ರಶ್ನೆ: ಅಕ್ಕಾ, ನಮ್ಮದು ಉಡುಪಿ ಹತ್ತಿರದ ಊರು. ಸಿ.ಎಸ್‌.ಐ. ಸಭೆಯವರು. ಮಗನಿಗೆ 27 ವರ್ಷ. ಬೆಂಗಳೂರಿನಲ್ಲಿ ಒಳ್ಳೆಯ ಸಾಫ್ಟ್‌ವೇರ್ ಕೆಲಸವಿತ್ತು, ಕೆನಡಾಕ್ಕೆ ಹೋಗುವ ಅವಕಾಶವೂ ಬಂದಿತ್ತು. ಎಲ್ಲ ಬಿಟ್ಟು ಈಗ ಊರಲ್ಲೇ ವಿಶೇಷ ಮಕ್ಕಳ ಶಾಲೆಯೊಂದರಲ್ಲಿ 16,000 ರೂಪಾಯಿಗೆ ದುಡಿಯುತ್ತಿದ್ದಾನೆ. ದೇವರು ಇಲ್ಲಿಗೆ ಕರೆದಿದ್ದಾರೆ ಅನ್ನುತ್ತಾನೆ. ಆರಾಧನೆ ಮುಗಿದು ಹೊರಗೆ ಬಂದರೆ ಎಲ್ಲರ ಬಾಯಲ್ಲೂ ಮಕ್ಕಳ ದುಬೈ, ಟೊರೊಂಟೊ, ಹೊಸ ಫ್ಲ್ಯಾಟು. ಮೊನ್ನೆ ಒಬ್ಬರು ಕೇಳಿದಾಗ 'ರಜೆಯಲ್ಲಿ ಬಂದಿದ್ದಾನೆ' ಎಂದು ಸುಳ್ಳು ಹೇಳಿಬಿಟ್ಟೆ, ಚರ್ಚಿನ ಅಂಗಳದಲ್ಲೇ. ಸಂಡೇ ಸ್ಕೂಲಿನಲ್ಲಿ 20 ವರ್ಷ ಪಾಠ ಮಾಡಿದವಳು ನಾನು. ನನ್ನ ವಿಶ್ವಾಸ ಬರೀ ಬಾಯಿಮಾತೇ? ಅವನನ್ನು ಹೇಗೆ ದಾರಿಗೆ ತರಲಿ?
(ಹೆಸರು ಬೇಡ)

ಉತ್ತರ: ಆ ಒಂದು ಸುಳ್ಳು ನಿಮ್ಮನ್ನು ಇಷ್ಟು ಚುಚ್ಚುತ್ತಿದೆ ಎಂದ ಮೇಲೆ ವಿಶ್ವಾಸ ಬಾಯಿಮಾತಾಗಿ ಉಳಿದಿಲ್ಲ, ತಂಗೀ.

ನಾನೂ ಅಂಥದೇ ಅಂಗಳದಲ್ಲಿ ಬೆಳೆದವಳು. ಸುಗ್ಗಿ ಹಬ್ಬದ ಏಲಂ ನನ್ನ ಕಣ್ಣಿಗೆ ಈಗಲೂ ಕಟ್ಟಿದಂತಿದೆ. ಗಲ್ಫಿನಿಂದ ರಜೆಗೆ ಬಂದವರು ಕೈ ಎತ್ತುತ್ತಿದ್ದಂತೆ ಒಂದು ಬಾಳೆಗೊನೆಯ ಬೆಲೆ ಏರುತ್ತ ಏರುತ್ತ ಹೋಗುವುದು, ಚಪ್ಪಾಳೆ ಬೀಳುವುದು. ಅದೇ ಮೇಜಿನ ಮೂಲೆಯಲ್ಲಿ ಒಬ್ಬ ಅಜ್ಜಿ ಪೇಪರಿನಲ್ಲಿ ಸುತ್ತಿ ತಂದ ನಾಲ್ಕು ಮೊಟ್ಟೆ. ತಂದವರು ಯಾರೆಂದು ಯಾರೂ ಕೇಳುತ್ತಿರಲಿಲ್ಲ. ದುಡ್ಡು ದೇವರ ಕೆಲಸಕ್ಕೇ ಹೋಗುತ್ತಿತ್ತು, ಕೊಟ್ಟವರೂ ಮನಸಾರೆ ಕೊಡುತ್ತಿದ್ದರು. ಆದರೂ ಆಶೀರ್ವಾದ ಎಂದರೆ ಆ ಎತ್ತಿದ ಕೈ ಎಂದೇ ನಾನು ಬಹಳ ಕಾಲ ನಂಬಿದ್ದೆ.

ಇದರ ಬೇರು ದುರಾಸೆಯಲ್ಲಿಲ್ಲ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರ ಮಾತು ಕೇಳಿ ವಿಶ್ವಾಸಕ್ಕೆ ಬಂದವರಲ್ಲಿ ಎಷ್ಟೋ ಮಂದಿ ಮನೆ, ನಂಟರು, ಕುಲಕಸುಬು ಎಲ್ಲ ಕಳೆದುಕೊಂಡು ನಿಂತರು. ಅವರ ಹೊಟ್ಟೆಪಾಡಿಗೆಂದು ನೇಯ್ಗೆಯ ಮಗ್ಗಗಳು ಬಂದವು, 1865ರಲ್ಲಿ ಜೆಪ್ಪುವಿನ ಹಂಚಿನ ಕಾರ್ಖಾನೆ ಬಂತು. ಕೈಯಲ್ಲೊಂದು ಕೆಲಸವಿದ್ದರೆ ಅದೇ ಸೂರು, ಅದೇ ಮರ್ಯಾದೆ, ದೇವರು ಕೈಬಿಟ್ಟಿಲ್ಲ ಎಂಬುದಕ್ಕೂ ಅದೇ ಗುರುತು. ಮುಂದೆ ಮೇಷ್ಟರ ಕೆಲಸ, ನರ್ಸಿಂಗ್, ಗಲ್ಫ್, ಈಗ ಕೆನಡಾ. ಮಗ ಕೆಲಸ ಬಿಟ್ಟ ಎಂದಾಗ ನಿಮ್ಮ ಹೊಟ್ಟೆಯಲ್ಲಿ ಎದ್ದದ್ದು ನಮ್ಮ ಹಿರಿಯರ ಆ ಭಯವೇ. ಅದನ್ನು ಪಾಪವೆಂದು ತಿಳಿಯಬೇಡಿ. ದೇವರ ಚಿತ್ತವೆಂದೂ ತಿಳಿಯಬೇಡಿ.

ಜೆಬೆದಾಯನ ಮಕ್ಕಳ ತಾಯಿಯ ಕಥೆಯನ್ನು ನೀವು ಎಷ್ಟೋ ಸಲ ಪಾಠ ಮಾಡಿರುತ್ತೀರಿ. ಮತ್ತಾಯನ ಸುವಾರ್ತೆ, 20ನೇ ಅಧ್ಯಾಯ. ನಿನ್ನ ರಾಜ್ಯದಲ್ಲಿ ನನ್ನ ಮಕ್ಕಳಿಬ್ಬರಿಗೆ ಬಲಗಡೆಗೊಂದು, ಎಡಗಡೆಗೊಂದು ಸ್ಥಾನ ಬೇಕೆಂದು ಅಡ್ಡಬಿದ್ದು ಬೇಡಿಕೊಂಡವಳು. ಹೆತ್ತ ಕರುಳು, ಕೇಳಿತು. ಏನು ಕೇಳುತ್ತಿದ್ದೀರೆಂದು ನಿಮಗೇ ಗೊತ್ತಿಲ್ಲ ಎಂದರು ಯೇಸುಸ್ವಾಮಿ, ಆದರೆ ಆಕೆಯನ್ನು ಗದರಿ ಕಳಿಸಲಿಲ್ಲ. ನಾವು ಮಕ್ಕಳಿಗೆ ಕಥೆಯನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತೇವೆ. ಇವತ್ತು 27ನೇ ಅಧ್ಯಾಯ ತೆಗೆದು ಓದಿ. ಶಿಲುಬೆಯ ಬಲಗಡೆಗೊಬ್ಬ ಕಳ್ಳ, ಎಡಗಡೆಗೊಬ್ಬ ಕಳ್ಳ. ದೂರದಲ್ಲಿ ನಿಂತು ನೋಡುತ್ತಿದ್ದ ಹೆಂಗಸರನ್ನು ಎಣಿಸುವಾಗ ಮತ್ತಾಯನು ಈ ತಾಯಿಯನ್ನೂ ಸೇರಿಸುತ್ತಾನೆ. ತಾನು ಮಕ್ಕಳಿಗೆಂದು ಕೇಳಿದ ಆ ಎರಡು ಜಾಗಗಳಲ್ಲಿ ಯಾರಿದ್ದಾರೆಂದು ಆಕೆ ಕಣ್ಣಾರೆ ಕಂಡಳು. ಕಂಡೂ ಅಲ್ಲೇ ನಿಂತಳು. ಇಡೀ ಸುವಾರ್ತೆಯಲ್ಲಿ ನನಗೆ ತೀರ ಹತ್ತಿರವಾದ ಹೆಂಗಸು ಈಕೆ. ಇವತ್ತು ನಿಮ್ಮ ಜೊತೆಗೂ ಈಕೆ ಇರಲಿ ಎಂದೇ ನೆನಪಿಸಿದೆ.

ಇನ್ನು ಮಗನನ್ನು ದಾರಿಗೆ ತರುವ ಮಾತು. ಅವನು ದಾರಿ ತಪ್ಪಿದಂತೆ ನನಗೆ ಕಾಣುವುದಿಲ್ಲ. ಆದರೆ 'ಕರೆ' ಎಂದು ಹೇಳಿಬಿಟ್ಟರೆ ಮನೆಯ ಲೆಕ್ಕ ಮುಗಿಯುವುದಿಲ್ಲ. ಓದಿನ ಸಾಲ ಬಾಕಿ ಇದೆಯೇ? ನಾಳೆ ನಿಮ್ಮಿಬ್ಬರಲ್ಲಿ ಒಬ್ಬರು ಆಸ್ಪತ್ರೆ ಸೇರಿದರೆ ಖರ್ಚು ಹೇಗೆ? ಒಂದು ರಾತ್ರಿ ಊಟವಾದ ಮೇಲೆ ಪಾಸ್‌ಬುಕ್ ಮುಂದಿಟ್ಟುಕೊಂಡು ಕೇಳಿ. ಅವನು ನೊಂದುಕೊಳ್ಳಬೇಕಾಗಿಲ್ಲ. ತಂದೆತಾಯಿಗೆ ಸಲ್ಲಬೇಕಾದ್ದನ್ನು ದೇವರಿಗೆ ಮುಡಿಪು ಎಂದು ಹೇಳಿ ಜಾರಿಕೊಳ್ಳುವವರನ್ನು ಯೇಸುಸ್ವಾಮಿ ಖಂಡಿಸಿದ್ದು ಮಾರ್ಕನ 7ನೇ ಅಧ್ಯಾಯದಲ್ಲಿದೆ, ಅದನ್ನು ಅವನೂ ಓದಲಿ. ಅದೇ ರಾತ್ರಿ ಆ ಸುಳ್ಳಿನ ವಿಷಯವನ್ನೂ ಅವನಿಗೆ ಹೇಳಿಬಿಡಿ, ನನಗೆ ಬರೆದಷ್ಟೇ ಸರಳವಾಗಿ. ಹೊರಗಿನವರಿಂದ ತಿಳಿದರೆ ಅವನಿಗೆ ಹೆಚ್ಚು ನೋವಾಗುತ್ತದೆ.

ಒಂದು ಮಾತ್ರ ಮಾಡಬೇಡಿ. 'ಮಗನ ಮನಸ್ಸು ತಿರುಗಲಿ' ಎಂದು ಸ್ತ್ರೀಯರ ಸಂಘದ ಪ್ರಾರ್ಥನೆಯಲ್ಲಿ ಅವನ ಹೆಸರೆತ್ತಬೇಡಿ. ಪ್ರಾರ್ಥನೆ ತನ್ನ ವಿರುದ್ಧದ ಪಂಚಾಯಿತಿ ಎಂದು ಅವನಿಗೆ ಅನ್ನಿಸಬಾರದು.

ಅವನ ಶಾಲೆಗೆ ನೀವು ಇನ್ನೂ ಹೋಗಿಲ್ಲ ಎಂದು ನನ್ನ ಊಹೆ. ಬುತ್ತಿ ಕೊಡುವ ನೆವದಲ್ಲಾದರೂ ಸರಿ, ಹೋಗಿ. ಅಂಥ ಶಾಲೆಗಳಲ್ಲಿ ಒಂದು ಮಗು ತನ್ನ ಅಂಗಿಯ ಗುಂಡಿ ತಾನೇ ಹಾಕಿಕೊಳ್ಳಲು ಕಲಿಯುವುದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಕಲಿಸುವವರು ದಿನವೂ ಅದೇ ಗುಂಡಿಯ ಮುಂದೆ ಮಂಡಿಯೂರಿ ಕೂರಬೇಕು. ಹತ್ತು ನಿಮಿಷ ಬಾಗಿಲಲ್ಲಿ ನಿಂತು ನೋಡಿ. ಮುಂದಿನ ಭಾನುವಾರ ಅಂಗಳದಲ್ಲಿ ಯಾರಾದರೂ ಮಗ ಏನು ಮಾಡುತ್ತಿದ್ದಾನೆ ಎಂದು ಕೇಳಿದರೆ, ನೋಡಿದ್ದನ್ನು ಹೇಳಿ.