ನೇರ ಗೆರೆಯಿಂದ ಸಂಗೀತ: ಸಿವಿಲ್ ಎಂಜಿನಿಯರ್ ಕ್ಸೆನಾಕಿಸ್

ಒಂದು ಗ್ರಾಫ್ ಶೀಟ್ ತಗೊಳ್ಳಿ. ಎಕ್ಸ್ ಆಕ್ಸಿಸ್ ಮೇಲೆ 1ರಿಂದ 10, ವೈ ಆಕ್ಸಿಸ್ ಮೇಲೂ 1ರಿಂದ 10 ಗುರುತು ಹಾಕಿ. ಈಗ ಎಕ್ಸ್‌ನ 1ನ್ನು ವೈನ 10ಕ್ಕೆ, 2ನ್ನು 9ಕ್ಕೆ, 3ನ್ನು 8ಕ್ಕೆ, ಹೀಗೆ ಸ್ಕೇಲ್ ಇಟ್ಟು ಸೇರಿಸುತ್ತಾ ಹೋಗಿ. ಎಳೆದದ್ದೆಲ್ಲ ನೇರ ಗೆರೆಗಳೇ. ಆದರೆ ಮುಗಿದ ಮೇಲೆ ನೋಡಿದರೆ ಅಲ್ಲೊಂದು ಚೆಂದದ ಬಾಗು ಕಾಣುತ್ತೆ. ಆ ಬಾಗನ್ನು ನಾವು ಎಳೆದೇ ಇಲ್ಲ! ಶಾಲೆಯಲ್ಲಿ ಮೊಳೆ, ದಾರ ಹಿಡಿದು ಕ್ರಾಫ್ಟ್ ಮಾಡಿದವರಿಗೆ ಇದು ಗೊತ್ತಿರುತ್ತೆ.

ಇಂಥ ಗೆರೆಗಳಿಂದಲೇ ಯಾನಿಸ್ ಕ್ಸೆನಾಕಿಸ್ ಅನ್ನೋರು ಸಂಗೀತವನ್ನೂ ಮಾಡಿದರು, ಕಟ್ಟಡವನ್ನೂ ಮಾಡಿದರು.

ಕ್ಸೆನಾಕಿಸ್ ಗ್ರೀಕ್ ಮನೆತನದವರು, ಅಥೆನ್ಸ್ ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿದವರು. ಓದಿನ ಮಧ್ಯೆಯೇ ಎರಡನೇ ಮಹಾಯುದ್ಧ ಬಂತು. ನಾಜಿ ಆಕ್ರಮಣದ ವಿರುದ್ಧದ ಹೋರಾಟಕ್ಕೆ ಸೇರಿದರು. ಆಮೇಲೆ ನಡೆದ ಬೀದಿ ಕಾಳಗದಲ್ಲಿ ಬ್ರಿಟಿಷ್ ಟ್ಯಾಂಕಿನ ಶೆಲ್ ಬಡಿದು ಎಡಗಣ್ಣು ಹೋಯಿತು. 1947ರಲ್ಲಿ ದೇಶ ಬಿಟ್ಟು ಪ್ಯಾರಿಸ್ ಸೇರಿದರು. ಅಲ್ಲಿ ಹೊಟ್ಟೆಪಾಡಿಗೆ ಸಿಕ್ಕಿದ್ದು ಆರ್ಕಿಟೆಕ್ಟ್ ಲ ಕಾರ್ಬೂಸಿಯೆ ಅವರ ಆಫೀಸಿನಲ್ಲಿ ಎಂಜಿನಿಯರ್ ಕೆಲಸ. ಮನಸ್ಸೆಲ್ಲ ಸಂಗೀತದ ಮೇಲೆ.

ಆಗ ಅವರು ಸಂಗೀತಗಾರ ಒಲಿವಿಯೆ ಮೆಸಿಯಾನ್ ಬಳಿ ಹೋಗಿ, ಸಂಗೀತವನ್ನು ಮೊದಲಿಂದ ಕಲಿಯಬೇಕೇ ಅಂತ ಕೇಳಿದರು. ಬೇಡ ಅಂದರು ಮೆಸಿಯಾನ್. ನಿನಗೆ ಗಣಿತ ಬರುತ್ತೆ, ಕಟ್ಟಡ ಗೊತ್ತು, ಅದನ್ನೇ ಸಂಗೀತಕ್ಕೆ ತಾ ಅನ್ನೋ ಅರ್ಥದ ಸಲಹೆ ಕೊಟ್ಟರು. ಕ್ಸೆನಾಕಿಸ್ ಅದನ್ನು ಅಕ್ಷರಶಃ ಪಾಲಿಸಿದರು.

ಈಗ ನಮ್ಮ ಗ್ರಾಫ್‌ಗೆ ವಾಪಸ್ ಬರೋಣ. ಎಕ್ಸ್ ಅಂದರೆ ಸಮಯ, ವೈ ಅಂದರೆ ಶ್ರುತಿ ಅಂದ್ಕೊಳ್ಳಿ. ಆಗ ಪ್ರತಿ ಗೆರೆಯೂ ಒಂದು ಪಿಟೀಲಿನ ಜಾರುವ ಸ್ವರ. ಕರ್ನಾಟಕ ಸಂಗೀತ ಕಲಿತವರು ಇದನ್ನು ‘ಜಾರು’ ಗಮಕದ ಹಾಗೆ ಊಹಿಸಿಕೊಳ್ಳಬಹುದು. ಗೆರೆ ಕಡಿದಾಗಿದ್ದರೆ ಜಾರುವ ವೇಗ ಹೆಚ್ಚು. 1953-54ರಲ್ಲಿ ಬರೆದ ‘ಮೆಟಾಸ್ಟಾಸಿಸ್’ ಕೃತಿಯಲ್ಲಿ 46 ತಂತಿವಾದ್ಯಗಳಿವೆ, 46ಕ್ಕೂ ಬೇರೆ ಬೇರೆ ಪಾಠ. ಶುರುವಿನಲ್ಲಿ ಎಲ್ಲರೂ ಒಂದೇ ಸ್ವರದಲ್ಲಿರುತ್ತಾರೆ, ಆಮೇಲೆ ಒಬ್ಬೊಬ್ಬರೂ ಒಂದೊಂದು ಕಡೆ ಜಾರುತ್ತಾ ಹೋಗುತ್ತಾರೆ. ನಮಗೆ ಕೇಳೋದು ಒಂದೊಂದು ಪಿಟೀಲಲ್ಲ, ಎಲ್ಲ ಸೇರಿ ಆಗುವ ಆ ಬಾಗು.

ಇದೇ ಗೆರೆಗಳನ್ನು ಕಾಗದದಿಂದ ಎಬ್ಬಿಸಿ ಮೂರು ಆಯಾಮಗಳಲ್ಲಿ ನಿಲ್ಲಿಸಿದರೆ? ಅದು ಹೈಪರ್ಬೋಲಿಕ್ ಪ್ಯಾರಾಬೊಲಾಯ್ಡ್. ಪೂರ್ತಿ ನೇರ ಗೆರೆಗಳಿಂದಲೇ ಆದ ಬಾಗಿದ ಮೇಲ್ಮೈ. 1958ರ ಬ್ರಸೆಲ್ಸ್ ವಿಶ್ವ ಮೇಳದಲ್ಲಿ ಫಿಲಿಪ್ಸ್ ಕಂಪನಿಯ ಪೆವಿಲಿಯನ್‌ಗೆ ಕ್ಸೆನಾಕಿಸ್ ಕೊಟ್ಟ ರೂಪ ಇದೇ. ಕಾಂಕ್ರೀಟ್ ಗೋಡೆಗಳು ಡೇರೆಯ ಬಟ್ಟೆಯ ಹಾಗೆ ತಿರುಚಿಕೊಂಡು ಮೇಲೇಳುತ್ತಿದ್ದವು, ದಪ್ಪ ಸುಮಾರು 5 ಸೆಂಟಿಮೀಟರ್ ಅಷ್ಟೇ. ಒಳಗೆ ಕೇಳಿಸಲು ಅವರೇ ಒಂದು ಪುಟ್ಟ ಕೃತಿಯನ್ನೂ ಮಾಡಿದರು. ಅದರ ಮೂಲ ಸದ್ದು ಉರಿಯುವ ಇದ್ದಿಲಿನ ಚಟಪಟ!

ಇಷ್ಟೆಲ್ಲ ಬರೀ ಲೆಕ್ಕದ ಆಟವಾ? ಅಲ್ಲ. ತಗಡಿನ ಮೇಲೆ ಮಳೆ ಬೀಳೋದನ್ನು ಕೇಳಿ. ಒಂದು ಹನಿಗೆ ಅರ್ಥವಿಲ್ಲ, ಸಾವಿರ ಹನಿ ಸೇರಿದರೆ ಮಳೆ. ಕ್ಸೆನಾಕಿಸ್ ತಮ್ಮ ಪುಸ್ತಕದಲ್ಲಿ ಆಲಿಕಲ್ಲಿನ ಸದ್ದು, ಜೀರುಂಡೆಗಳ ಸದ್ದಿನ ಜೊತೆಗೆ ಘೋಷಣೆ ಕೂಗುತ್ತಾ ಬರುವ ಜನಸಮೂಹವನ್ನೂ, ಗುಂಡೇಟಿಗೆ ಅದು ಚದುರಿಹೋಗುವುದನ್ನೂ ಉದಾಹರಣೆಯಾಗಿ ಬರೆದಿದ್ದಾರೆ. ಅದು ಅಥೆನ್ಸ್‌ನ ಬೀದಿಗಳಲ್ಲಿ ಅವರೇ ಕೇಳಿದ ಸದ್ದು. ಲಕ್ಷ ಕಣಗಳ ಒಟ್ಟು ನಡತೆ ಹೇಳಬೇಕಾದರೆ ಫಿಸಿಕ್ಸ್‌ನವರು ಏನು ಮಾಡ್ತಾರೆ? ಪ್ರಾಬಬಿಲಿಟಿ ಬಳಸ್ತಾರೆ. ‘ಪಿಥೊಪ್ರಾಕ್ಟಾ’ ಕೃತಿಯಲ್ಲಿ ಇವರೂ ಅದನ್ನೇ ಮಾಡಿದರು. ಅನಿಲದ ಅಣುಗಳ ವೇಗ ಹೇಗೆ ಹಂಚಿಕೆಯಾಗುತ್ತೆ ಅನ್ನೋ ಮ್ಯಾಕ್ಸ್‌ವೆಲ್-ಬೋಲ್ಟ್ಸ್‌ಮನ್ ಸೂತ್ರದಿಂದ ತಂತಿವಾದ್ಯಗಳ ಜಾರುವಿಕೆಯ ವೇಗ ಲೆಕ್ಕ ಹಾಕಿದರು. ಯುದ್ಧದ ನೆನಪನ್ನು ಹೇಳಲು ಅವರಿಗೆ ಸಿಕ್ಕ ಭಾಷೆ ಅದು.

1962ರ ಹೊತ್ತಿಗೆ ಫೋರ್ಟ್ರಾನ್‌ನಲ್ಲಿ ಪ್ರೋಗ್ರಾಂ ಬರೆದು, ಐಬಿಎಂ 7090 ಕಂಪ್ಯೂಟರ್‌ನಲ್ಲಿ ಓಡಿಸಿ ಸಂಗೀತ ರಚಿಸಿದರು. 1963ರಲ್ಲಿ ತಮ್ಮ ವಿಧಾನಗಳನ್ನೆಲ್ಲ ಫ್ರೆಂಚ್‌ನಲ್ಲಿ ಪುಸ್ತಕವಾಗಿ ಪ್ರಕಟಿಸಿದರು. 1977ರಲ್ಲಿ ‘ಯುಪಿಕ್’ ಅನ್ನೋ ಯಂತ್ರ ಬಂತು. ಅದರ ಬೋರ್ಡ್ ಮೇಲೆ ಪೆನ್ನಿನಿಂದ ಚಿತ್ರ ಬರೆದರೆ ಅದೇ ಸದ್ದಾಗುತ್ತೆ. ಸ್ವರಲಿಪಿ ಬಾರದ ಮಕ್ಕಳೂ ಸಂಗೀತ ಬರೆಯಬಹುದಿತ್ತು.

“ಎಂಜಿನಿಯರಿಂಗ್ ಸೇರಿದ ಮೇಲೆ ಇದೆಲ್ಲ ಯಾಕೆ?” ಅನ್ನೋ ಪ್ರಶ್ನೆಯನ್ನು ಹಾಡುವ, ಬರೆಯುವ, ಚಿತ್ರ ಬಿಡಿಸುವ ನಮ್ಮಲ್ಲಿ ಎಷ್ಟೋ ಜನ ಕೇಳಿಸಿಕೊಂಡಿರ್ತೀವಿ. ಬ್ರಾಂಚ್ ಒಂದು ಕಡೆ, ಕಲೆ ಇನ್ನೊಂದು ಕಡೆ ಅಂತ ಎರಡು ಡಬ್ಬಿ ಮಾಡಿ ಇಡ್ತೀವಿ. ಕ್ಸೆನಾಕಿಸ್‌ಗೆ ಇದ್ದದ್ದು ಒಂದೇ ಡಬ್ಬಿ. ಈ ಸೆಮಿಸ್ಟರ್‌ನ ನೋಟ್ಸ್‌ನಲ್ಲಿ ನಿಮಗೆ ನಿಜವಾಗಲೂ ಚೆಂದ ಅನಿಸಿದ ಒಂದು ಗ್ರಾಫ್ ಇದ್ದರೆ, ಅದಕ್ಕೆ ಸದ್ದು ಕೊಟ್ಟರೆ ಹೇಗಿರುತ್ತೆ ಅಂತ ಯೋಚಿಸಿ. ಹಾಗೆಯೇ ‘ಮೆಟಾಸ್ಟಾಸಿಸ್’ ಕೇಳಿ, ಒಂಬತ್ತು ನಿಮಿಷವೂ ಇಲ್ಲ. ಮೊದಲ ಸಲ ಕಿವಿಗೆ ಕಷ್ಟ. ಎರಡನೇ ಸಲ ಈ ಗ್ರಾಫ್ ಶೀಟನ್ನು ಎದುರಿಗಿಟ್ಟುಕೊಂಡು ಕೇಳಿ.