ಅಹಿಂಸಾಣುವ್ರತದ ಐದು ಅತಿಚಾರಗಳು ಮತ್ತು ನಾಯಿಮರಿಗಳ ವ್ಯಾಪಾರ

ಶ್ರಾವಕನು ಸ್ವೀಕರಿಸುವ ಐದು ಅಣುವ್ರತಗಳಲ್ಲಿ ಅಹಿಂಸಾಣುವ್ರತವು ಮೊದಲನೆಯದು. ವ್ರತವನ್ನು ಪೂರ್ಣವಾಗಿ ಮುರಿಯದಿದ್ದರೂ ಅದಕ್ಕೆ ಕಲೆ ಹಚ್ಚುವ ದೋಷಗಳಿಗೆ ಅತಿಚಾರಗಳೆಂದು ಹೆಸರು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಈ ವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಕೊಲ್ಲುವುದಲ್ಲ, ಹೊಡೆಯುವುದು. ಹಿಂದಿನವರು ಇವನ್ನು ವಿವರಿಸುವಾಗ ಎತ್ತು, ಕುದುರೆಗಳನ್ನು ಕಣ್ಣ ಮುಂದಿರಿಸಿಕೊಂಡಿದ್ದರು. ಇಂದು ಅದೇ ಪಾಠವನ್ನು ಇನ್ನೊಂದು ಪ್ರಾಣಿಯ ವಿಷಯದಲ್ಲಿ ಓದಬೇಕಾಗಿದೆ.

ಹುಣಸೂರು ತಾಲ್ಲೂಕಿನ ಗೊಮ್ಮಟಗಿರಿ, ಕೃಷ್ಣರಾಜನಗರದ ಕಡೆಯ ಚಿಕ್ಕಹನಸೋಗೆಯ ಬಸದಿ—ಇವು ಈ ಸೀಮೆಯಲ್ಲಿ ಜಿನಧರ್ಮವು ಎಷ್ಟು ಹಿಂದೆಯೇ ಬೇರೂರಿತ್ತೆಂಬುದಕ್ಕೆ ಸಾಕ್ಷಿ. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪಿನ ಬೇಸಾಯ. ಹೆಗ್ಗಡದೇವನಕೋಟೆಯ ಕಡೆ ನಾಗರಹೊಳೆಯ ಕಾಡಿನಂಚು. ಹೊಲ, ಮನೆಗಳ ಕಾವಲಿಗೆ ನಾಯಿ ಇಲ್ಲಿನ ಹಳ್ಳಿಗಳಿಗೆ ಹೊಸದಲ್ಲ. ಆದರೆ ಬೆಳೆಯ ಬೆಲೆ ಕುಸಿದ ವರ್ಷ ಒಬ್ಬ ಗೃಹಸ್ಥನಿಗೆ, "ಒಳ್ಳೆಯ ಜಾತಿಯ ಒಂದು ಜೋಡಿ ತಂದು ಹಿತ್ತಲಲ್ಲಿ ಕಟ್ಟು, ಮರಿಗಳು ಮೈಸೂರಿನಲ್ಲಿ ಸಾವಿರಾರು ರೂಪಾಯಿಗೆ ಹೋಗುತ್ತವೆ" ಎಂದು ಯಾರಾದರೂ ಸಲಹೆ ಕೊಟ್ಟರೆ, ಅವನು ಏನು ಮಾಡಬೇಕು? ಸಾಲ ತೀರಿಸುವ ದಾರಿಯೊಂದು ಎದುರಿಗಿದೆ; ಹಿಡಿದ ವ್ರತವೂ ಎದುರಿಗಿದೆ. ಈ ಪ್ರಶ್ನೆಯನ್ನು ಲಘುವಾಗಿ ಎಣಿಸಲಾಗದು.

ಐದು ಅತಿಚಾರಗಳು, ಒಂದು ಗೂಡು

ಬಂಧ: ಓಡಾಡಲು ಎಡೆಯಿಲ್ಲದ ಕಬ್ಬಿಣದ ಗೂಡಿನಲ್ಲಿ, ಗಿಡ್ಡ ಸರಪಳಿಯಲ್ಲಿ ಹಗಲಿರುಳೂ ಇರಿಸುವುದು. ಕಾವಲಿಗಾಗಿ ಕೆಲವು ಹೊತ್ತು ಕಟ್ಟುವುದಕ್ಕೂ ಆಯುಷ್ಯವಿಡೀ ಮರಿಗಾಗಿ ಕಟ್ಟಿಡುವುದಕ್ಕೂ ಅಂತರವಿದೆ.

ವಧ: ಬೊಗಳಿದರೆ ಹೊಡೆಯುವುದು, ಒಲ್ಲದ ಹೆಣ್ಣುನಾಯಿಯನ್ನು ಬಲವಂತದಿಂದ ಹಿಡಿದು ನಿಲ್ಲಿಸಿ ಗಂಡಿನೊಡನೆ ಕೂಡಿಸುವುದು.

ಛೇದ: ಅಂದಕ್ಕಾಗಿ ಬಾಲವನ್ನು ಮೊಟಕು ಮಾಡುವುದು, ಕಿವಿಯನ್ನು ನೆಟ್ಟಗೆ ನಿಲ್ಲುವಂತೆ ಕತ್ತರಿಸುವುದು. ಇದರಿಂದ ನಾಯಿಗೆ ಯಾವ ಲಾಭವೂ ಇಲ್ಲ. ಕೊಳ್ಳುವವನ ಕಣ್ಣಿಗೆ ಹಬ್ಬ, ಅಷ್ಟೆ.

ಅತಿಭಾರಾರೋಪಣ: ಹೆಚ್ಚು ವಿವರಿಸಬೇಕಾದದ್ದು ಇದನ್ನೇ. ಹೊರೆಯೆಂದರೆ ಬೆನ್ನ ಮೇಲಿನ ಮೂಟೆ ಮಾತ್ರವಲ್ಲ. ಹೆಣ್ಣುನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ. ಗರ್ಭದ ಅವಧಿ ಸುಮಾರು 63 ದಿನ. ಪ್ರತಿ ಬೆದೆಯಲ್ಲೂ ಕೂಡಿಸಿದರೆ ಮೈಯಲ್ಲಿನ ಸುಣ್ಣದಂಶ, ರಕ್ತ, ಬಲವೆಲ್ಲ ಮರಿಗಳ ಪಾಲಾಗಿ ತಾಯಿ ಬೇಗನೆ ಸವೆದುಹೋಗುತ್ತದೆ. ಎತ್ತಿನ ಮೇಲೆ ಅಧಿಕ ಮೂಟೆ ಹೇರುವವನು ಅದನ್ನು ಕಣ್ಣಾರೆ ಕಾಣುತ್ತಾನೆ. ಗರ್ಭದ ಹೊರೆಯಾದರೋ ಒಳಗೇ ಇರುವುದರಿಂದ ಹೇರಿದವನಿಗೆ ಅದು ಹೊರೆಯೆಂದೇ ತೋರದು.

ಅನ್ನಪಾನನಿರೋಧ: ಮರಿ ಕಣ್ಣು ತೆರೆಯುವುದು ಸುಮಾರು ಎರಡು ವಾರಕ್ಕೆ, ಹಾಲು ಬಿಡತೊಡಗುವುದು ಮೂರು ನಾಲ್ಕು ವಾರಗಳ ಬಳಿಕ, ಅದೂ ಮೆಲ್ಲಮೆಲ್ಲನೆ. ಮರಿ ಚಿಕ್ಕದಾಗಿ ಮುದ್ದಾಗಿರುವಾಗಲೇ ಬೆಲೆ ಹೆಚ್ಚೆಂದು ತಾಯಿಯ ಮೊಲೆಯಿಂದ ಕಿತ್ತು ಮಾರುವುದು ಈ ಅತಿಚಾರದ ಸ್ಪಷ್ಟ ರೂಪ. ಅಂಥ ಮರಿಗೆ ರೋಗನಿರೋಧದ ಶಕ್ತಿ ಕಡಿಮೆ. ಪಾರ್ವೊ ಎಂಬ ರಕ್ತಭೇದಿಯ ರೋಗ ತಗುಲಿದರೆ ಕೆಲವೇ ದಿನಗಳಲ್ಲಿ ಸಾಯಬಹುದು. ಅಷ್ಟಮಿ, ಚತುರ್ದಶಿಗಳಂದು ಶ್ರಾವಕನು ತಾನಾಗಿ ತೊರೆದ ಅನ್ನವು ತಪಸ್ಸು. ಇನ್ನೊಂದು ಜೀವಕ್ಕೆ ಬಲವಂತದಿಂದ ತಪ್ಪಿಸಿದ ಅನ್ನವು ಅತಿಚಾರ. ಎರಡೂ ಹಸಿವೇ ಆದರೂ ಫಲ ಬೇರೆ ಬೇರೆ.

ದೇಶದ ಕಾಯಿದೆ ಹೇಳುವುದೇನು?

ರಾಜ್ಯಸಭೆಯಲ್ಲಿ ರುಕ್ಮಿಣೀದೇವಿ ಅರುಂಡೇಲರು ನಡೆಸಿದ ಪ್ರಯತ್ನದ ಫಲವಾಗಿ 1960ರಲ್ಲಿ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆ ಬಂದಿತು. 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಸ್ಥಾಪಿತವಾಯಿತು. ಪ್ರಾಣಿಯು ಯಾರ ವಶದಲ್ಲಿದೆಯೋ ಅವರೇ ಅದರ ಕ್ಷೇಮಕ್ಕೆ ಹೊಣೆಯೆಂದು ಕಾಯಿದೆಯ ಮೂರನೆಯ ಕಲಮು ಸಾರುತ್ತದೆ. ಆದರೆ ನಾಯಿಗಳ ತಳಿ ವ್ಯಾಪಾರಕ್ಕೆಂದೇ ಪ್ರತ್ಯೇಕ ನಿಯಮಗಳು ಬರಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. 2015ರಲ್ಲಿ ಭಾರತದ ಕಾನೂನು ಆಯೋಗವು ತನ್ನ 261ನೆಯ ವರದಿಯಲ್ಲಿ ಇದರ ಅಗತ್ಯವನ್ನು ಎತ್ತಿ ಹೇಳಿತು. 2017ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವು ನಿಯಮಗಳನ್ನು ಪ್ರಕಟಿಸಿತು.

ಆ ನಿಯಮಗಳ ಪ್ರಕಾರ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸದೆ ಯಾರೂ ನಾಯಿಗಳ ತಳಿ ವ್ಯಾಪಾರ ನಡೆಸುವಂತಿಲ್ಲ. 18 ತಿಂಗಳು ತುಂಬದ ಹೆಣ್ಣುನಾಯಿಯನ್ನು ಕೂಡಿಸಬಾರದು; ಆಯುಷ್ಯದಲ್ಲಿ ಐದಕ್ಕಿಂತ ಹೆಚ್ಚು ಸೂಲು ಆಗಬಾರದು; ಎಂಟು ವಾರ ತುಂಬದ ಮರಿಯನ್ನು ಮಾರಬಾರದು; ಬಾಲ, ಕಿವಿ ಕತ್ತರಿಸಬಾರದು. ಲೆಕ್ಕಪತ್ರ ಇಡಬೇಕು, ತಪಾಸಣೆಗೆ ಬಂದವರಿಗೆ ಎಡೆಕೊಡಬೇಕು. ಸೂತ್ರದ ಅತಿಚಾರಗಳನ್ನೂ ಈ ನಿಯಮಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಇವೆರಡರ ಸಾಮ್ಯ ತಾನೇ ಗೋಚರವಾಗುತ್ತದೆ.

ಆದರೆ ಕಾಯಿದೆಗೆ ಮಿತಿಯೂ ಉಂಟು. ಮೊದಲ ಸಲದ ಕ್ರೌರ್ಯಕ್ಕೆ 1960ರ ಕಾಯಿದೆ ಗೊತ್ತುಮಾಡಿದ ದಂಡ 10 ರೂಪಾಯಿಯಿಂದ 50 ರೂಪಾಯಿ. ಒಂದು ಮರಿಯ ಬೆಲೆಯ ಮುಂದೆ ಇದು ಯಾವ ಲೆಕ್ಕ? ಹಳ್ಳಿಯ ಹಿತ್ತಲಿಗೆ ತಪಾಸಣೆ ಮುಟ್ಟುವುದೂ ಸುಲಭವಲ್ಲ. ಕಾಯಿದೆಯ ಕಣ್ಣು ತಲುಪದಲ್ಲಿ ವ್ರತಿಯ ಮನಸ್ಸಾಕ್ಷಿಯೇ ತಪಾಸಕ.

2024ರ ಮಾರ್ಚ್ 12ರಂದು ಕೇಂದ್ರವು 23 ತಳಿಗಳನ್ನು ಉಗ್ರವೆಂದು ಹೆಸರಿಸಿ ಅವುಗಳ ಮಾರಾಟ, ಸಾಕಣೆಗಳನ್ನು ತಡೆಯಲು ಸುತ್ತೋಲೆ ಹೊರಡಿಸಿತು. ಸಂಬಂಧಪಟ್ಟವರನ್ನು ವಿಚಾರಿಸದೆ ಹೊರಡಿಸಿದ್ದೆಂದು ಕರ್ನಾಟಕ ಹೈಕೋರ್ಟು ಏಪ್ರಿಲ್ 10ರಂದು ಅದನ್ನು ರದ್ದುಮಾಡಿತು. ಅಧ್ಯಯನ ಮಾಡುವವರಿಗೆ ಇಲ್ಲೊಂದು ವಿಚಾರವಿದೆ. ತಳಿಯನ್ನು ದೂಷಿಸುವುದು ಸುಲಭ. ಸಾಕುವವನ ಹೊಣೆಯನ್ನು ಕೇಳುವುದು ಕಷ್ಟ. ಅತಿಚಾರಗಳು ಪ್ರಾಣಿಯ ಗುಣವನ್ನು ಎಣಿಸುವುದಿಲ್ಲ, ಮನುಷ್ಯನ ನಡತೆಯನ್ನು ಎಣಿಸುತ್ತವೆ.

ಮಾರುವವನು, ಕೊಳ್ಳುವವನು

ಕರ್ನಾಟಕದಲ್ಲಿ ನಾಯಿಸಾಕಣೆಯೆಂದರೆ ಮುಧೋಳದ ಹೆಸರು ಮೊದಲು ಬರುತ್ತದೆ. ಬಾಗಲಕೋಟೆ ಜಿಲ್ಲೆಯ ಆ ಭಾಗದಲ್ಲಿ ಹಲವು ರೈತ ಕುಟುಂಬಗಳಿಗೆ ಈ ಬೇಟೆನಾಯಿಯ ಮರಿಗಳು ಆದಾಯದ ಮೂಲ. ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವು ಸಮೀಪದ ತಿಮ್ಮಾಪುರದಲ್ಲಿದೆ. 2005ರಲ್ಲಿ ಅಂಚೆ ಇಲಾಖೆಯು ಈ ತಳಿಯ ಚಿತ್ರವಿರುವ ಅಂಚೆಚೀಟಿ ಹೊರತಂದಿತು. ಆದ್ದರಿಂದ ನಾಯಿ ಸಾಕುವವರೆಲ್ಲ ಕ್ರೂರಿಗಳೆಂದು ಬಗೆಯುವುದು ಅನ್ಯಾಯ. ಬಡ ಗೃಹಸ್ಥನ ಜೀವನೋಪಾಯವನ್ನು ನಿಂದಿಸುವ ಮುನ್ನ ಅವನಿಗೆ ಪಶುವೈದ್ಯರ ನೆರವು, ನೋಂದಣಿಯ ತಿಳಿವಳಿಕೆ ಸಿಕ್ಕಿದೆಯೇ ಎಂದು ಕೇಳಬೇಕು.

ವ್ರತಿಯ ಮಾತು ಬೇರೆ. ಪ್ರಾಣಿಗಳನ್ನು ಕೊಂಡು ಮಾರಿ ಲಾಭ ಪಡೆಯುವ ಉಪದೇಶವನ್ನು ಶಾಸ್ತ್ರವು ತಿರ್ಯಗ್ವಣಿಜ್ಯೆಯೆಂದು ಅನರ್ಥದಂಡದಲ್ಲಿ ಸೇರಿಸಿದೆ. ಮೇಲೆ ಹೇಳಿದ ಗೃಹಸ್ಥನು ವ್ರತಧಾರಿಯಾಗಿದ್ದರೆ ಆ ಸಲಹೆಯನ್ನು ವಿನಯದಿಂದ ನಿರಾಕರಿಸುವುದೇ ಶ್ರೇಯಸ್ಕರ. ಸಲಹೆ ಕೊಟ್ಟವನೂ ದೋಷದಿಂದ ಹೊರತಲ್ಲ.

ಕೊಳ್ಳುವವನಿಗೂ ಪಾಲಿದೆ. ಕೃತ, ಕಾರಿತ, ಅನುಮೋದಿತವೆಂದು ಕರ್ಮಾಸ್ರವಕ್ಕೆ ಮೂರು ಬಾಗಿಲು. ಆರು ವಾರದ ಮರಿಯೇ ಬೇಕೆಂದು ಹಟ ಹಿಡಿದವನು ಮರಿಯನ್ನು ತಾಯಿಯಿಂದ ತಾನೇ ಕೀಳದಿದ್ದರೂ ಕೀಳಿಸಿದವನು. ಸಾಕಿ ಬೇಸರವಾದಾಗ ಮುದಿನಾಯಿಯನ್ನು ಕಾಡಿನಂಚಿನಲ್ಲಿ ಬಿಟ್ಟುಬರುವವನು ಆ ನಾಯಿಗೆ ಹಸಿವನ್ನು ಕೊಡುವುದಲ್ಲದೆ, ರೇಬೀಸ್, ಡಿಸ್ಟೆಂಪರ್‌ನಂಥ ರೋಗಗಳು ಕಾಡಿನ ಸೀಳುನಾಯಿಗಳಿಗೂ ಹರಡಲು ದಾರಿ ಮಾಡುತ್ತಾನೆ.

ಅನುಸರಿಸಬೇಕಾದ ನಿಯಮಗಳು

1. ನಾಯಿ ಬೇಕಾದರೆ ಮೊದಲು ಬೀದಿಯಲ್ಲಿ ಅನಾಥವಾದ ಮರಿಗೆ ಆಶ್ರಯ ಕೊಡುವುದು.
2. ಕೊಳ್ಳಲೇಬೇಕಾದರೆ ನೋಂದಣಿಪತ್ರವನ್ನೂ ತಾಯಿನಾಯಿಯನ್ನೂ ಕಣ್ಣಾರೆ ನೋಡುವುದು. ಎಂಟು ವಾರ ತುಂಬುವ ತನಕ ಕಾಯುವುದು.
3. ಉಪವಾಸದ ದಿನ ಮನೆಯ ಪ್ರಾಣಿಗೆ ಅನ್ನನೀರು ಕೊಟ್ಟ ಬಳಿಕವೇ ಸ್ವಾಧ್ಯಾಯಕ್ಕೆ ಕೂರುವುದು.
4. ಒಮ್ಮೆ ಮನೆಗೆ ತಂದ ಜೀವವನ್ನು ಅದರ ಆಯುಷ್ಯ ಮುಗಿಯುವ ತನಕ ಕೈಬಿಡದಿರುವುದು.

ಮನನಕ್ಕೆ

ಸಂತಾನಹರಣ ಶಸ್ತ್ರಚಿಕಿತ್ಸೆಯು ಛೇದವೆನಿಸುವುದೇ? ಪ್ರಮತ್ತಯೋಗದಿಂದಾದ ಪ್ರಾಣಘಾತವೇ ಹಿಂಸೆಯೆಂಬ ಲಕ್ಷಣವನ್ನು ನೆನೆದು, ಅಂದಕ್ಕಾಗಿ ಕಿವಿ ಕತ್ತರಿಸುವುದಕ್ಕೂ ಅನಾಥ ಮರಿಗಳ ಸಂಕಟ ತಪ್ಪಿಸಲು ವೈದ್ಯನು ಅರಿವಳಿಕೆ ಕೊಟ್ಟು ಮಾಡುವ ಚಿಕಿತ್ಸೆಗೂ ಇರುವ ಭೇದವನ್ನು ಗುರುಗಳ ಸನ್ನಿಧಿಯಲ್ಲಿ ವಿಚಾರಿಸಬಹುದು. ಕಾಯಿದೆಯು ಐದು ಸೂಲಿನ ತನಕ ಸಮ್ಮತಿಸಿದೆಯೆಂದ ಮಾತ್ರಕ್ಕೆ ಐದನೆಯದು ತಾಯಿಗೆ ಹಗುರವಾಗುವುದೇ? ಗೂಡಿನೊಳಗಿನ ಜೀವವು ಮಾತನಾಡಲಾರದು. ಅದರ ಪರವಾಗಿ ಈ ಪ್ರಶ್ನೆಯನ್ನು ಕೇಳಿಕೊಳ್ಳುವುದೇ ವ್ರತದ ನಿತ್ಯಪಾಲನೆ.